ಟಕ್ ಟಕ್ ಪುರಾಣ

ಅಟ್ಟದಲ್ಲಿ ಮಲಗಿದ್ದ ಅಪ್ಪನ ಎಲ್‌ಪಿ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸುವ ಹುಮ್ಮಸ್ಸು ಬಂತು. ಸೂಜಿ ಇಟ್ಟೆ. ಹಾಡಿಗಿಂತ ಮೊದಲು ಒಗ್ಗರಣೆ ಶುರು: ಚಟಪಟ ಸಾಸಿವೆ! ಜೊತೆಗೊಂದು ಗೀರು. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದಲ್ಲ, ಹಾಗಾಗಿ ಸರಿಯಾಗಿ 1.8 ಸೆಕೆಂಡಿಗೊಮ್ಮೆ ‘ಟಕ್’. ತಬಲಾ ಕಲಿಯುವ ನನ್ನ ಮಗನಿಗೂ ಇಷ್ಟು ಲಯಜ್ಞಾನವಿಲ್ಲ.

“ಮೊದಲು ತೊಳೀರಿ, ಆಮೇಲೆ ಸಾಫ್ಟ್‌ವೇರು” ಎಂದಳು ಹೆಂಡತಿ. ಡಿಸ್ಟಿಲ್ಡ್ ವಾಟರ್, ಮೆತ್ತನೆ ಬ್ರಷ್ಷು. ಅರ್ಧ ಸಾಸಿವೆ ಹೋಯಿತು. ಅದೇ ಹುರುಪಿನಲ್ಲಿ ಸ್ಪಿರಿಟ್ ಹಿಡಿದು ಅಜ್ಜನ 78ರ ತಟ್ಟೆಗಳತ್ತ ಹೊರಟೆ. ಅವು ಅರಗಿನವು, ಸ್ಪಿರಿಟ್ಟಿಗೆ ಕರಗುತ್ತವೆಂದು ಮಗಳು ಕೈ ಹಿಡಿದಳು.

ಉಳಿದದ್ದು ಸಾಫ್ಟ್‌ವೇರಿನ ಪಾಲು. ಹಾಡಿಗೆ ಮುಂಚಿನ ಬರೀ ‘ಸುಂಯ್’ ಸದ್ದನ್ನು ಮಾದರಿಯಾಗಿ ತೋರಿಸಿದರೆ, ಹಾಡಿನುದ್ದಕ್ಕೂ ಅಂಥದ್ದನ್ನೇ ಅದು ತಗ್ಗಿಸುತ್ತದೆ. ದುರಾಸೆಯಿಂದ ಪೂರ್ತಿ ಏರಿಸಿದೆ. ಸುಂಯ್ ಜೊತೆ ತಂಬೂರಿಯೂ ಹೋಯಿತು. ಗಾಯಕರು ಬಾವಿಯಲ್ಲಿ ಮುಳುಗಿ ಹಾಡಿದಂತಾಯಿತು. ತಗ್ಗಿಸಿ, ಟಕ್ಕುಗಳನ್ನು ಒಂದೊಂದೇ ಕಿತ್ತು, ಹೆಮ್ಮೆಯಿಂದ ಅಮ್ಮನಿಗೆ ಕೇಳಿಸಿದೆ.

“ಇದು ನಮ್ಮನೆ ಹಾಡಲ್ಲ ಕಣೋ, ಟಕ್ ಎಲ್ಲಿ? ನೀನು ಮೂರು ವರ್ಷದವನಿದ್ದಾಗ ಚಮಚದಲ್ಲಿ ಗೀಚಿದ್ದಲ್ವಾ ಅದು!”

ಸುಮ್ಮನೆ ‘ಅನ್‌ಡೂ’ ಒತ್ತಿದೆ.