ಬಟನ್ ಒತ್ತುವಿಕೆಯ ಬಹುತಲೆಮಾರಿನ ಸಂಕಥನ: ಒಂದು ತಾತ್ವಿಕ ವಿವೇಚನೆ

1. ಪ್ರಸ್ತಾವನೆ

ಮೂರು ತಲೆಮಾರನ್ನು ಒಂದೇ ಬಾಡಿಗೆ ವ್ಯಾನಿಗೆ ತುಂಬಿಕೊಂಡು ಭಾನುವಾರ ವಿಜ್ಞಾನ ಕೇಂದ್ರಕ್ಕೆ ಹೋಗಿಬರುವ ಕ್ರಿಯೆಯನ್ನು ನಮ್ಮ ವಿದ್ವತ್ ವಲಯ ಈವರೆಗೆ ಗಂಭೀರವಾಗಿ ಪರಿಗಣಿಸಿಲ್ಲ. ಸದರಿ ಶೈಕ್ಷಣಿಕ ನಿರ್ವಾತವನ್ನು ತುಂಬುವುದು ಪ್ರಸ್ತುತ ಅಧ್ಯಯನದ ಆಶಯ. ಇಲ್ಲಿ ಕುಟುಂಬವನ್ನು ‘ಚಲನಶೀಲ ರಕ್ತಸಂಬಂಧಿ ಘಟಕ’ ಎಂದೂ, ಪುಳಿಯೋಗರೆ ಡಬ್ಬಿಯನ್ನು ‘ಸಹಯಾನಿ ಪೋಷಕ ಸಂಚಯ’ ಎಂದೂ ನಿರ್ವಚಿಸಿಕೊಳ್ಳಲಾಗಿದೆ. ಹಾಗೇಕೆ ಎಂದು ಕೇಳುವವರು ಯಾವುದಾದರೂ ರಾಜ್ಯಮಟ್ಟದ ವಿಚಾರ ಸಂಕಿರಣದಲ್ಲಿ, ಊಟಕ್ಕೆ ಮುಂಚಿನ ಗೋಷ್ಠಿಯಲ್ಲಿ, ಒಮ್ಮೆ ಕೂತು ಬರಬೇಕು.

1.1 ಚಾರಿತ್ರಿಕ ನೆಲೆಗಟ್ಟು

ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ನೆಹರೂ 1962ರಲ್ಲಿ ಉದ್ಘಾಟಿಸಿದರು. ವಿದ್ಯುತ್ತಿನ ಮೊದಲ ಗ್ಯಾಲರಿ ಜನರಿಗೆ ತೆರೆದದ್ದು 1965ರಲ್ಲಿ. ನಮ್ಮ ಈಗಿನ ಕಾಮಗಾರಿಗಳನ್ನು ಕಂಡವರಿಗೆ ಈ ಮೂರು ವರ್ಷದ ಅಂತರ ಅವಸರವೆಂದೇ ತೋರೀತು. ಅತ್ತ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1969ರಲ್ಲಿ ‘ಎಕ್ಸ್‌ಪ್ಲೊರೇಟೋರಿಯಂ’ ತೆರೆದವನು ಫ್ರಾಂಕ್ ಆಪನ್‌ಹೈಮರ್, ಅಣುಬಾಂಬಿನ ರಾಬರ್ಟನ ತಮ್ಮ. ಎಡಪಂಥದ ನಂಟಿನ ಕಾರಣಕ್ಕೆ ವಿಶ್ವವಿದ್ಯಾಲಯಗಳು ಬಾಗಿಲು ಹಾಕಿದಾಗ ಕೊಲರಾಡೋದಲ್ಲಿ ದನ ಸಾಕಿಕೊಂಡಿದ್ದ, ಆಮೇಲೆ ಹಳ್ಳಿಗಾಡಿನ ಹೈಸ್ಕೂಲಿನಲ್ಲಿ ಪಾಠ ಹೇಳಿದ. ಮುಟ್ಟಿ, ತಿರುಗಿಸಿ, ಎಳೆದು ಕಲಿಯಬೇಕೆಂಬ ಮ್ಯೂಸಿಯಂ ಕಟ್ಟಿದವನು ಸಗಣಿ ಬಾಚಿದ ಕೈಯವನು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ನಮ್ಮ ಕ್ಷೇತ್ರಕಾರ್ಯ ನಡೆದದ್ದು ಇವೆರಡೂ ಅಲ್ಲದ ಮತ್ತೊಂದು ಕಡೆ. ಸಂಶೋಧನಾ ನೀತಿಯನುಸಾರ ಹೆಸರು ಗೌಪ್ಯ.

2. ಸಂದರ್ಶಕರ ವರ್ಗೀಕರಣ

2.1 ಪೂರ್ವವಾಚನ ಒತ್ತುಗರು: ಫಲಕ ಓದುವ ಮುಂಚೆಯೇ ಬಟನ್ ಒತ್ತುವವರು. ವಯಸ್ಸು ನಾಲ್ಕರಿಂದ ಹನ್ನೆರಡು. ಒತ್ತಿದ ಫಲ ಕಾಣುವಷ್ಟರಲ್ಲಿ ಇವರು ಮುಂದಿನ ಬಟನ್ನಿನ ಹತ್ತಿರ ಇರುತ್ತಾರೆ. ಹೀಗಾಗಿ ಕಾರಣ ಒಬ್ಬರದು, ಕಾರ್ಯ ನೋಡುವ ಭಾಗ್ಯ ಹಿಂದೆ ಬಂದವರದು.

2.2 ಒತ್ತೋತ್ತರ ವ್ಯಾಖ್ಯಾನಕಾರರು: ನಮ್ಮ ಭಾವ. ಇಂಜಿನಿಯರಿಂಗ್ ಓದಿದವರು. ಇಳಿಜಾರಿನ ಎರಡು ಹಳಿಗಳ ಮೇಲೆ, ಎರಡೂ ಕಡೆ ಚೂಪಾದ ಉರುಳೆಯೊಂದು ತಾನೇ ತಾನಾಗಿ ಮೇಲಕ್ಕೆ ಉರುಳುತ್ತಿತ್ತು. “ಒಳಗೆ ಮ್ಯಾಗ್ನೆಟ್ ಇಟ್ಟಿರ್ತಾರೆ ಪುಟ್ಟಾ” ಎಂದರು. ಮ್ಯಾಗ್ನೆಟ್ಟೂ ಇಲ್ಲ, ಮಣ್ಣೂ ಇಲ್ಲ. ಹಳಿಗಳು ಮೇಲೇರುತ್ತ ಅಗಲವಾಗುತ್ತವೆ, ಉರುಳೆ ಅವುಗಳ ನಡುವೆ ತಗ್ಗುತ್ತ ಹೋಗುತ್ತದೆ. ಮೇಲೆ ಹೋದಂತೆ ಕಂಡರೂ ಅದರ ನಟ್ಟನಡು ಇಳಿಯುತ್ತಲೇ ಇರುತ್ತದೆ. ಇದು ಪಕ್ಕದ ಫಲಕದಲ್ಲೇ ಇತ್ತು. ಭಾವ ಫಲಕಕ್ಕೆ ಒರಗಿ ನಿಂತಿದ್ದರು.

2.3 ದೂರಶ್ರವಣ ಪ್ರಯೋಗಶೀಲರು: ಹಾಲಿನ ಎರಡು ತುದಿಗೆ ಎದುರುಬದುರಾಗಿ ಆಳೆತ್ತರದ ಎರಡು ಬಟ್ಟಲು. ಒಂದರ ಮುಂದೆ ಪಿಸುಗುಟ್ಟಿದರೆ ದನಿ ಚದುರದೆ ಇನ್ನೊಂದರ ಮುಂದೆ ಕೂಡಿಕೊಳ್ಳುತ್ತದೆ. ನಮ್ಮಕ್ಕ ಇಲ್ಲಿಂದ “ಕೇಳಿಸ್ತೇನೇ?” ಎಂದು ಕಿರುಚಿದಳು. ಚಿಕ್ಕಮ್ಮ ಅಲ್ಲಿಂದ “ಕೇಳಿಸ್ತು!” ಎಂದು ಕಿರುಚಿದರು. ಪ್ರಯೋಗ ಯಶಸ್ವಿ. ಟಿಕೆಟ್ ಕೌಂಟರಿನವನಿಗೂ ಕೇಳಿಸಿತು.

2.4 ವಕ್ರದರ್ಪಣ ಸ್ವಚಿತ್ರಗ್ರಾಹಿಗಳು, ಹಾಗೂ ಅವರಲ್ಲಿ 2.4.1 ಒಂಟಿ, 2.4.2 ಗುಂಪು, 2.4.2.1 ಗುಂಪಿನಲ್ಲಿ ಕಣ್ಣು ಮುಚ್ಚಿಕೊಂಡವರು… ಸಾಕು. ಈ ದಶಮಾಂಶ ಇನ್ನು ಮುಂದಕ್ಕೆ ಹೋಗುವುದಿಲ್ಲ.

3. ಸ್ಥಗಿತತೆಯ ಮೀಮಾಂಸೆ

ಒತ್ತಿದರೂ ಏನೂ ಆಗದ ಬಟನ್ನುಗಳನ್ನು ‘ಪ್ರತಿಕ್ರಿಯಾರಹಿತ ಅಂತರ್‌ವರ್ತನ ಬಿಂದು’ ಎನ್ನಬಹುದು. ಹಾಳಾಗಿದೆ ಎನ್ನುವುದು ಇನ್ನೂ ಸಲೀಸು. ‘ದುರಸ್ತಿಯಲ್ಲಿದೆ’ ಎಂಬ ಚೀಟಿಯ ಅಕ್ಷರ ಬಿಸಿಲಿಗೆ ಮಾಸಿ, ಚೀಟಿಗೇ ದುರಸ್ತಿ ಬೇಕಾಗಿತ್ತು. ಸರ್ಕಾರಿ ಶಾಲೆಯ ಮಕ್ಕಳು ಬೆಳಗಿನ ಜಾವ ಎದ್ದು, ಬಸ್ಸಿನಲ್ಲಿ ವಾಂತಿ ಮಾಡಿಕೊಂಡು, ಇಷ್ಟು ದೂರ ಬಂದಿದ್ದವು. ಸಾಲಿನಲ್ಲಿ ನಿಂತು ಒತ್ತಿದವು. ಏನೂ ಆಗಲಿಲ್ಲ. ಮೇಷ್ಟ್ರು “ಮುಂದೆ ನಡೀರಿ, ಮುಂದೆ ನಡೀರಿ” ಎಂದರು. ಒಂದು ಮಗುವೂ “ಯಾಕೆ ಸಾರ್ ಆಗ್ಲಿಲ್ಲ” ಎಂದು ಕೇಳಲಿಲ್ಲ. ವಿಜ್ಞಾನ ಅಂದರೆ ಒತ್ತುವುದು, ಸುಮ್ಮನಾಗುವುದು, ಮುಂದೆ ನಡೆಯುವುದು ಅಂತ ಕಲಿಸಲು ಇಷ್ಟು ದೊಡ್ಡ ಕಟ್ಟಡ ಬೇಕಿತ್ತೇ? ಅದನ್ನು ತಾಲೂಕು ಕಚೇರಿಯಲ್ಲಿ ಪುಕ್ಕಟೆ ಕಲಿಯಬಹುದು.

4. ಬೆಂಚು

ಹಿರಿಯ ತಲೆಮಾರಿನ ಜ್ಞಾನಾರ್ಜನೆ ನಡೆಯುವುದು ಇದರ ಮೇಲೆ. ನಮ್ಮಮ್ಮನನ್ನು ಬಾಗಿಲ ಹತ್ತಿರ ಕೂರಿಸಿ, ಬ್ಯಾಗು, ನೀರಿನ ಬಾಟಲಿ, ಮಗುವಿನ ಸ್ವೆಟರು ಎಲ್ಲ ಮಡಿಲಿಗೆ ಹೇರಿ ನಾವು ವಿಜ್ಞಾನಕ್ಕೆ ಹೋದೆವು. ಎದುರಿಗೇ ರಾಟೆ ಕುರ್ಚಿಗಳಿದ್ದವು. ಕೂತು ಹಗ್ಗ ಎಳೆದರೆ ನಮ್ಮನ್ನು ನಾವೇ ಮೇಲಕ್ಕೆತ್ತಿಕೊಳ್ಳಬಹುದು. ಮೊದಲನೆಯದಕ್ಕಿಂತ ಎರಡನೆಯದು ಹಗುರ, ಮೂರನೆಯದು ಇನ್ನೂ ಹಗುರ. ಮೂರನೆಯದು ಕಚ್ಚಿಕೊಂಡಿತ್ತು. ಮಕ್ಕಳು ಜಗ್ಗಿ ಜಗ್ಗಿ ಬಿಟ್ಟುಹೋದರು.

ನಾನು ವಾಪಸು ಬರುವಷ್ಟರಲ್ಲಿ ಅಮ್ಮ ಬ್ಯಾಗುಗಳ ಸಮೇತ ಅದರ ಕೆಳಗೆ ನಿಂತು, ಕತ್ತೆತ್ತಿ ನೋಡುತ್ತಿದ್ದಳು. “ಹಗ್ಗ ಗಾಲಿಯಿಂದ ಪಕ್ಕಕ್ಕೆ ಜಾರಿ ಸಂದಿಯಲ್ಲಿ ಸಿಕ್ಕೊಂಡಿದೆ ಕಣೋ. ಸಡಿಲ ಬಿಟ್ಟು ಈ ಕಡೆಯಿಂದ ಒಂದು ಸಲ ಒದರಿದರೆ ಕೂತ್ಕೊಳ್ಳುತ್ತೆ” ಎಂದಳು. ಆಮೇಲೆ, “ಹಗುರವೇನೋ ಸರಿ, ಆದರೆ ಇದರಲ್ಲಿ ಹಗ್ಗ ಜಾಸ್ತಿ ಎಳೀಬೇಕಲ್ವಾ?”

ಹೌದು. ಬಾವಿಯ ಒಂಟಿ ರಾಟೆ ಭಾರ ಇಳಿಸುವುದಿಲ್ಲ, ಎಳೆಯುವ ದಿಕ್ಕನ್ನಷ್ಟೇ ಬದಲಿಸುತ್ತದೆ. ಜೊತೆಗೆ ಚಲಿಸುವ ಗಾಲಿ ಸೇರಿದರೆ ಭಾರ ಹಗ್ಗದ ಎಳೆಗಳಿಗೆ ಹಂಚಿಹೋಗುತ್ತದೆ, ಎಷ್ಟು ಪಟ್ಟು ಹಗುರವೋ ಅಷ್ಟು ಪಟ್ಟು ಹಗ್ಗ ಎಳೆಯಬೇಕು. ಆ ಹಾಲಿನಲ್ಲಿ ಅಂದು ಇದನ್ನು ಓದದೆ, ಕೇಳದೆ, ನೋಡಿಯೇ ಹೇಳಿದವಳು ಇವಳೊಬ್ಬಳು. ಮದುವೆಯಾಗಿ ಬಂದ ಮೇಲೆ ಹಟ್ಟಿಗೂ ಮನೆಗೂ ಬಾವಿಯಿಂದ ನೀರು ಸೇದಿದವಳು. ಅಂಗೈ ಇನ್ನೂ ಒರಟು.

“ಅಜ್ಜಿ, ವಯಸ್ಸಾದೋರು ಮುಟ್ಟಂಗಿಲ್ಲ” ಎಂದ ನೋಡಿಕೊಳ್ಳುವ ಹುಡುಗ. ಹಗ್ಗ ಜಾರಿದೆ ಎಂದೆ. “ಮೇಂಟೆನೆನ್ಸ್‌ನೋರು ಬರಬೇಕು ಸಾರ್.” ಯಾವಾಗ ಬರ್ತಾರೆ? “ಟೆಂಡರ್ ಆಗಬೇಕು.” ಅವನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ಗುತ್ತಿಗೆಯ ಹುಡುಗ. ಬ್ಯಾಗು ಹೊರಿಸಿ ಕೂರಿಸಿದವರು ನಾವು. ಕೈಯಿಂದ ಮಾಡಿ ಕಲಿಯಿರಿ ಎಂಬ ಜಾಗಕ್ಕೆ ಬಂದು, ಬದುಕಿಡೀ ಕೈಯಿಂದ ಮಾಡಿದವಳಿಗೆ ಸ್ವೆಟರ್ ಕಾಯುವ ಕೆಲಸ ಕೊಟ್ಟೆವು.

5. ಶಿಫಾರಸು

ಮುಂದಿನ ಸಂದರ್ಶನದಲ್ಲಿ ಅಮ್ಮ ಮೊದಲು ಒಳಗೆ ಹೋಗತಕ್ಕದ್ದು, ಬ್ಯಾಗುಗಳೊಂದಿಗೆ ಭಾವ ಬೆಂಚಿನ ಮೇಲೆ ಕೂರತಕ್ಕದ್ದು. ಇದನ್ನು ಅವರಿಗೆ ಲಿಖಿತವಾಗಿ ತಿಳಿಸಲಾಗಿದೆ. ಮ್ಯಾಗ್ನೆಟ್ ಇಲ್ಲವೆಂಬುದನ್ನೂ.