ಬ್ರಿಸ್ಬೇನಿನ ನಂಬರು ಬರೆಯುವವರಿಗೆ ಮಾಜಾಳಿಯ ಕೇಬಲ್‌ನವನ ಪತ್ರ

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಕುಳಿತು ಏಷ್ಯಾ-ಪೆಸಿಫಿಕ್ ಸೀಮೆಗೆಲ್ಲ ಇಂಟರ್ನೆಟ್ ವಿಳಾಸದ ನಂಬರು ಹಂಚುವ ಏಪ್ನಿಕ್ ಸಂಸ್ಥೆಯ ಸಮಸ್ತ ದೊಡ್ಡವರಿಗೆ,

ಕಾರವಾರ ತಾಲ್ಲೂಕಿನ ತುತ್ತತುದಿ, ಗೋವಾ ಚೆಕ್‌ಪೋಸ್ಟಿನ ಈಚೆ ಬದಿಯ ಮಾಜಾಳಿಯಿಂದ ಬರೆಯುತ್ತಿದ್ದೇನೆ.

ನಿಮ್ಮ ವಾರ್ಷಿಕ ಶುಲ್ಕ ಕಟ್ಟಲು ಹೋಗಿದ್ದೆ. ಕಟ್ಟದೆ ಬಂದೆ. ಕಾರವಾರ ಪೇಟೆಗೆ ದಾಟಿಸುವ ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಮುರಿದು ಬಿದ್ದ ಮೇಲೆ ಹೋಗುವವರಿಗೂ ಬರುವವರಿಗೂ ಉಳಿದಿದ್ದು ಒಂದೇ ಸೇತುವೆ. ಲಾರಿಗಳ ಹಿಂದೆ ತೆವಳುತ್ತ ಹೋಗಿ ಒಂದು ಬ್ಯಾಂಕಿನ ಕೌಂಟರಿನ ಮುಂದೆ ನಿಂತೆ. ಹೊರದೇಶಕ್ಕೆ ಹಣ ಕಳಿಸುವ ಫಾರ್ಮು ಬೇಕು, ಸಿಎ ಸಹಿ ಬೇಕು, ಯಾವ ಬಾಬ್ತು ಎಂದು ಬರೆಯಬೇಕು.

"ಏನು ತರಿಸ್ತೀರಿ ಅಲ್ಲಿಂದ?"

"ನಂಬರು, ಮೇಡಮ್."

"ಎಂಥ ನಂಬರು?"

"ಇನ್ನೂರೈವತ್ತಾರು ನಂಬರು."

"ಬಂದ ಮೇಲೆ ಏನು ಮಾಡ್ತೀರಿ?"

"ಆಗಲೇ ಬಂದಿವೆ. ಇಟ್ಕೊಂಡಿದ್ದಕ್ಕೆ ವರ್ಷಾ ವರ್ಷಾ ದುಡ್ಡು ಕಟ್ಟೋದು."

ಸಾಲಿನಲ್ಲಿ ಹಿಂದೆ ನಿಂತವರು ನಕ್ಕರು. ನಮ್ಮ ಕಡೆ ದುಡ್ಡು ಕೊಟ್ಟು ನಂಬರು ಬರೆಸುವವರನ್ನು ಪೊಲೀಸರು ಹಿಡಿಯುತ್ತಾರೆ. ಓಸಿ, ಮಟಕಾ ಅಂತ ಮರುದಿನ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಬರುತ್ತದೆ. ಮೇಡಮ್ಮು ನನ್ನನ್ನು ಒಮ್ಮೆ, ಫಾರ್ಮನ್ನು ಒಮ್ಮೆ ನೋಡಿ, ಮ್ಯಾನೇಜರ್ ರಜೆಯಲ್ಲಿದ್ದಾರೆ, ಬುಧವಾರ ಬನ್ನಿ ಅಂದರು. ಅವರ ತಪ್ಪಲ್ಲ. ನನಗೇ ವಿವರಿಸಲು ಆಗದ್ದನ್ನು ಅವರು ಯಾವ ಬಾಬ್ತಿಗೆ ಹಾಕಿಯಾರು?

ಒಂದು ವ್ಯತ್ಯಾಸವಿದೆ. ಓಸಿಯಲ್ಲಿ ಯಾವಾಗಲಾದರೂ ಒಮ್ಮೆ ನಂಬರು ಹತ್ತಿ ದುಡ್ಡು ಬರುತ್ತದೆ.

ಭಾರತದೊಳಗೆ ಇದೇ ನಂಬರು ಹಂಚಲು ದೆಹಲಿಯಲ್ಲಿ 2012ರಿಂದ ಐರಿನ್ ಇದೆಯಲ್ಲ, ರೂಪಾಯಿಯಲ್ಲೇ ಕಟ್ಟಬಹುದಲ್ಲ ಎಂದು ತಿಳಿದವರು ಕೇಳುತ್ತಾರೆ. ಇದೆ. ಅವರೂ ನಿಮ್ಮ ಗಂಟಿನಿಂದಲೇ ತೆಗೆದುಕೊಡುವವರು. ಅವರಿಗೊಂದು ಬೇರೆ ಪತ್ರ ಬರೆಯುವವನಿದ್ದೇನೆ. ಇವತ್ತಿನ ಸಿಟ್ಟು ನಿಮಗೆ ಮೀಸಲು.

ಮೊದಲು ಹೊಗಳಬೇಕಾದ್ದನ್ನು ಹೊಗಳಿಬಿಡುತ್ತೇನೆ. ನೀವು ಲಾಭಕ್ಕೆ ನಿಂತ ಕಂಪನಿಯಲ್ಲ. ಸದಸ್ಯರ ಸಂಸ್ಥೆ. ಹಳೆಯ ನಮೂನೆಯ ವಿಳಾಸ ಇರುವುದೇ ಸುಮಾರು 430 ಕೋಟಿ. ಜಗತ್ತಿಗೆಲ್ಲ ಅಳೆದುಕೊಡುತ್ತಿದ್ದ ಅಮೆರಿಕದ ಮೂಲ ಕಣಜ 2011ರ ಫೆಬ್ರವರಿಯಲ್ಲಿ ಬರಿದಾಯಿತು. ಅದೇ ಏಪ್ರಿಲ್‌ನಲ್ಲಿ, ಐದು ಸೀಮೆಗಳ ಐದು ದಫ್ತರಗಳ ಪೈಕಿ ಮೊದಲು ತಳ ಕಂಡದ್ದು ನಿಮ್ಮದು. ಉಳಿದ ಚೂರುಪಾರನ್ನು ಹೊಸಬರಿಗೂ ಸಿಗಲಿ ಎಂದು ಅಳೆದು ಕೊಟ್ಟಿರಿ: ಮೊದಲು ತಲೆಗೆ ಹೆಚ್ಚೆಂದರೆ 1,024, 2019ರಿಂದ 512. ಇದು ನ್ಯಾಯ. ಹೊಸ ನಮೂನೆಯ ಐಪಿವಿ6 ವಿಳಾಸ ಜೊತೆಗೆ ಬೇಕಾದರೆ, ಎರಡರಲ್ಲಿ ಯಾವುದರ ಶುಲ್ಕ ಹೆಚ್ಚೋ ಅದನ್ನಷ್ಟೇ ಪಡೆಯುತ್ತೀರಿ. ಇದೂ ನ್ಯಾಯ. ಹೊಗಳಿಕೆ ಮುಗಿಯಿತು.

ಈಗ ನಿಮ್ಮ ಸೂತ್ರಕ್ಕೆ ಬರೋಣ.

ವರ್ಷಗಟ್ಟಲೆ ನಡೆದುಬಂದ ಲೆಕ್ಕ ಹೀಗಿತ್ತು. 256 ನಂಬರು ಇಟ್ಟುಕೊಂಡವನಿಗೆ ವರ್ಷಕ್ಕೆ 1,180 ಆಸ್ಟ್ರೇಲಿಯನ್ ಡಾಲರ್. ಈಚೆಗೆ ಅದನ್ನೂ ಏರಿಸಿದ್ದೀರಿ. ಇರಲಿ, ಹಳೆಯದನ್ನೇ ಹಿಡಿಯೋಣ, ನಮ್ಮ ದುಡ್ಡಿನಲ್ಲಿ ಅರವತ್ತು ಸಾವಿರ ದಾಟುತ್ತದೆ, ಮೇಲೆ ನೂರಕ್ಕೆ ಹದಿನೆಂಟು ಜಿಎಸ್‌ಟಿ. ನಂಬರು ದುಪ್ಪಟ್ಟಾದರೆ ಶುಲ್ಕ ದುಪ್ಪಟ್ಟಾಗುವುದಿಲ್ಲ, ನೂರಕ್ಕೆ ಸುಮಾರು ಮೂವತ್ತೊಂದರಷ್ಟೇ ಏರುತ್ತದೆ. ಕೇಳಲು ಎಷ್ಟು ಸೌಮ್ಯ! ನಾನು ಕ್ಯಾಲ್ಕ್ಯುಲೇಟರ್ ಹಿಡಿದು ಕೂತೆ. 65,536 ನಂಬರು ಇರುವವನು ನನ್ನ ಇನ್ನೂರೈವತ್ತಾರು ಪಟ್ಟು ಆಸ್ತಿವಂತ, ಆದರೆ ಕಟ್ಟುವುದು ನನ್ನ ಎಂಟೂವರೆ ಪಟ್ಟು. ಅಂದರೆ ಒಂದು ನಂಬರಿಗೆ ನಾನು ಕೊಡುವುದು ನಾಲ್ಕೂವರೆ ಡಾಲರಿಗೂ ಮೇಲೆ, ಅವನು ಕೊಡುವುದು ಹದಿನೈದು ಸೆಂಟು. ಹತ್ತು ಲಕ್ಷಕ್ಕೂ ಮೇಲೆ ಇಟ್ಟುಕೊಂಡ ಧಣಿಗೆ ಒಂದಕ್ಕೆ ಮೂರು ಸೆಂಟೂ ಬೀಳುವುದಿಲ್ಲ.

ಸಗಟು ವ್ಯಾಪಾರ ಹಾಗೇ ಇರುತ್ತದೆ ಅನ್ನುತ್ತೀರಾ? ನಮ್ಮ ದಂಡೆಯಲ್ಲೂ ಬುಟ್ಟಿಗಟ್ಟಲೆ ಬಂಗಡೆ ಎತ್ತುವವನಿಗೆ ಒಂದೊಂದು ಮೀನು ಅಗ್ಗಕ್ಕೇ ಬೀಳುತ್ತದೆ. ಆದರೆ ಅಲ್ಲಿ ದೋಣಿ ಇದೆ, ಡೀಸೆಲ್ ಇದೆ, ಬಲೆ ಇದೆ, ಸಂಜೆಯಾದರೆ ಕೊಳೆಯುವ ಭಯ ಇದೆ. ನಂಬರು ಹಿಡಿಯಲು ನೀವು ಯಾವ ಸಮುದ್ರಕ್ಕೆ ಹೋದಿರಿ, ಮಾರಾಯ್ರೇ? ಕೊಳೆಯುವುದಂತೂ ದೂರ, ಮಾರಿದರೆ ಬೆಲೆ ಬರುತ್ತದೆ. 2011ರಲ್ಲೇ ಮೈಕ್ರೋಸಾಫ್ಟ್, ದಿವಾಳಿಯಾದ ನಾರ್ಟೆಲ್ ಕಂಪನಿಯಿಂದ ಆರೂವರೆ ಲಕ್ಷಕ್ಕೂ ಹೆಚ್ಚು ನಂಬರನ್ನು 75 ಲಕ್ಷ ಅಮೆರಿಕನ್ ಡಾಲರಿಗೆ ಕೊಂಡಿತು, ಒಂದಕ್ಕೆ ಹನ್ನೊಂದು ಡಾಲರಿನ ಮೇಲೆ. ಮೊದಮೊದಲು ಕೇಳಿದವರಿಗೆಲ್ಲ ಪುಕ್ಕಟೆ ಹಂಚಿದ್ದ ನಂಬರುಗಳು ಅವು. ಅಮೆರಿಕದ ಎಂಐಟಿ ಎಂಬ ಒಂದು ಕಾಲೇಜಿಗೆ ಒಂದು ಕೋಟಿ ಅರವತ್ತೇಳು ಲಕ್ಷ ಕೊಟ್ಟಿದ್ದರು. ಕೊನೆಗೆ 2017ರಲ್ಲಿ ಅವರು ಅದರಲ್ಲಿ ಅರ್ಧದಷ್ಟನ್ನು ಮಾರಲು ಹೊರಟರು. ಪುಕ್ಕಟೆ ಹಂಚುವಾಗ ಮಾಜಾಳಿ ಕೇಳಿರಲಿಲ್ಲ. ಆಗ ನಮಗೆ ಫೋನಿನ ಸಂಪರ್ಕ ಸಿಕ್ಕರೆ ಊರವರನ್ನು ಕರೆದು ಸಿಹಿ ಹಂಚುತ್ತಿದ್ದೆವು.

ನಿಮ್ಮ ಉತ್ತರ ನನಗೆ ಗೊತ್ತು. ದಾಖಲೆಯಲ್ಲಿ ಚಿಕ್ಕವನದೂ ಒಂದು ಸಾಲು, ದೊಡ್ಡವನದೂ ಒಂದು ಸಾಲು, ಬರೆಯುವ ಖರ್ಚು ಒಂದೇ. ಯುರೋಪಿನವರು ಇದೇ ತತ್ವ ಹಿಡಿದು ಎಲ್ಲ ಖಾತೆಗೂ ಸಮನಾಗಿ ವಿಧಿಸುತ್ತಾರೆ, 2025ಕ್ಕೆ 1,800 ಯೂರೋ. ಅವರಿಗಿಂತ ನೀವು ವಾಸಿ, ಒಪ್ಪಿದೆ. ಆದರೆ ಒಂದು ಸಾಲು ಬರೆಯಲು ಅರವತ್ತು ಸಾವಿರ? ನಮ್ಮಲ್ಲಿ ಪಹಣಿ ತಿದ್ದಿಸಲೂ ಅಷ್ಟು ಬೇಡ, ಚಹಾ ಖರ್ಚು ಸೇರಿಸಿದರೂ.

ಅತಿ ಹಿಂದುಳಿದ ದೇಶಗಳ ಸದಸ್ಯರಿಗೆ ಅರ್ಧ ರಿಯಾಯಿತಿ ಕೊಡುತ್ತೀರಿ. ದೇಶ ನೋಡಿ ಕೊಡುತ್ತೀರಿ, ಆಳು ನೋಡಿ ಅಲ್ಲ. ಅಲ್ಲಿನ ಭಾರೀ ಮೊಬೈಲ್ ಕಂಪನಿಗೂ ಅರ್ಧ. ನಾನು ಮಾತ್ರ ಭಾರತ ಎಂಬ ಮಹಾಶಕ್ತಿಯ ಪ್ರಜೆ, ಪೂರ್ತಿ ಕಟ್ಟಬೇಕು. ಮಹಾಶಕ್ತಿಯ ಈ ತುದಿಯಲ್ಲಿ ನನ್ನ ಇಂಟರ್ನೆಟ್ ಗಿರಾಕಿ ತಿಂಗಳಿಗೆ ನಾನ್ನೂರು ರೂಪಾಯಿ ಕೊಡುತ್ತಾನೆ, ಅದನ್ನೂ ಗಣಪತಿ ಕಳಿಸಿದ ಮೇಲೆ. ಬಿರುಗಾಳಿಗೆ ತೆಂಗಿನ ಮಡಲು ಬಿದ್ದು ಫೈಬರ್ ತುಂಡಾದರೆ ಮಳೆಯಲ್ಲಿ ಕಂಬ ಹತ್ತುವವನೂ ನಾನೇ, ಬಿಲ್ಲು ಕೇಳಲು ಹೋಗುವವನೂ ನಾನೇ.

ಮತ್ತೆ ಯಾಕೆ ಸ್ವಂತ ನಂಬರಿನ ಹುಚ್ಚು ಅನ್ನಬೇಡಿ. ಇದಕ್ಕೆ ಮೊದಲು, ನನಗೆ ಇಂಟರ್ನೆಟ್ ಮಾರುವ ಮೇಲಿನ ಕಂಪನಿ ಕೊಟ್ಟ ಒಂದು ನಂಬರಿನ ಕೆಳಗೆ ಹತ್ತಾರು ಮನೆ ತುರುಕಿದ್ದೆ. ಒಂದು ಮನೆಯ ಹುಡುಗ ಏನೋ ಕಿತಾಪತಿ ಮಾಡಿದರೆ ಅಷ್ಟೂ ಮನೆಗೆ ಬಾಗಿಲು ಬಂದ್. ನೀವು ಮನುಷ್ಯರೋ ಯಂತ್ರವೋ ಎಂದು ಪರೀಕ್ಷೆ; ಟ್ರಾಫಿಕ್ ಲೈಟ್ ಇರುವ ಚೌಕ ಒತ್ತಿ ಅನ್ನುತ್ತದೆ. ನಮ್ಮೂರಿನ ಅಜ್ಜಿಗೆ ಟ್ರಾಫಿಕ್ ಲೈಟ್! ಸೈಬರ್ ಪೊಲೀಸರು ನಂಬರು ಹಿಡಿದು ಯಾರಿದು ಎಂದು ಕೇಳಿದರೆ ನಾನು ಅರ್ಧ ಓಣಿಯ ಹೆಸರು ಹೇಳಬೇಕು. ಐಪಿವಿ6 ಹಾಕು ಅನ್ನುತ್ತೀರಿ, ಹಾಕಿದ್ದೇನೆ. ಅಂಗಡಿಯವನ ಸಿಸಿಟಿವಿ ಡಬ್ಬಿಗೆ ಅದು ಗೊತ್ತಿಲ್ಲ, ಎಷ್ಟೋ ಜಾಲತಾಣಗಳಿಗೂ ಗೊತ್ತಿಲ್ಲ. ಹಳೇ ನಂಬರು ಬೇಕೇ ಬೇಕು. ಅದಕ್ಕೇ ಬರೆಸುತ್ತಿದ್ದೇನೆ, ಓಸಿಗಿಂತ ದುಬಾರಿಯಾದರೂ.

ನನ್ನ ಬೇಡಿಕೆ ಉದ್ದವಿಲ್ಲ. 256 ಇಟ್ಟುಕೊಂಡವರಿಗೆ ಬೇರೆಯೇ ದರ ಹಾಕಿ, ದೇಶ ನೋಡದೆ ವಹಿವಾಟು ನೋಡಿ. ಅದರಿಂದ ಕೊರೆ ಬೀಳುವ ಹಣವನ್ನು ಮೂರು ಸೆಂಟಿನ ಧಣಿಗಳಿಂದ ನಾಲ್ಕು ಸೆಂಟು ಮಾಡಿ ಎತ್ತಿ. ಅವರಿಗೆ ಗೊತ್ತೂ ಆಗಲಿಕ್ಕಿಲ್ಲ.

ಗೊತ್ತಾದರೆ ತಡೆಯುತ್ತಾರೆ, ಅದೇ ತೊಡಕು. ಶುಲ್ಕ ನಿಗದಿ ಮಾಡುವ ನಿಮ್ಮ ಕಾರ್ಯಕಾರಿ ಮಂಡಳಿಗೆ ಚುನಾವಣೆ ನಡೆಯುತ್ತದೆ. ಅದರಲ್ಲಿ ಅತಿ ದೊಡ್ಡ ಸದಸ್ಯನಿಗೆ 64 ವೋಟು, ನನ್ನಂಥವನಿಗೆ 2. ನಂಬರಿನ ದರದಲ್ಲಿ ಮಾತ್ರ ನನಗೆ ಮೊದಲ ಸ್ಥಾನ. ಈ ಸಲ ಚುನಾವಣೆಗೆ ನಿಲ್ಲುವವರು 256ರವನ ಶುಲ್ಕ ಎಷ್ಟಕ್ಕಿಳಿಸುತ್ತೀರಿ ಎಂದು ಅಂಕಿ ಬರೆದು, ಸಹಿ ಹಾಕಿ ಕಳಿಸಿ. ಎರಡೂ ವೋಟು ನಿಮಗೇ.

ಇಂತಿ,
ಮಾಜಾಳಿಯ ಕೇಬಲ್‌ನವ