ಅಮಾನತಿನಲ್ಲಿರುವ ಹೇಂಟೆ

ಕೋಳಿ ಸಾಕಿದವರ ಮನೆಗೆ ಊಟಕ್ಕೆ ಹೋದರೆ ಎಲೆಗೆ ಕೋಳಿ ಬೀಳುತ್ತದೆ ಎಂದು ನಾನೂ ಒಂದು ಕಾಲಕ್ಕೆ ನಂಬಿದ್ದೆ. ಹಳ್ಳಿಯಲ್ಲಿ ಅದು ನಿಜ. ನಿವೃತ್ತಿಯಾದ ಮೇಲೆ ಹಿತ್ತಲಲ್ಲಿ ಕೋಳಿ ಕಟ್ಟಿಕೊಂಡವರ ಕಥೆ ಬೇರೆ. ಅವರ ಮನೆಯಲ್ಲಿ ಅವರೆಕಾಳು ಸಾರು. ಕೋಳಿ ಬರುವುದು ಮಾತಿನಲ್ಲಿ ಮಾತ್ರ, ಅದೂ ಎಂಜಲು ಕೈ ಒಣಗುವವರೆಗೆ.

ಇಂಥವರನ್ನು ಗುರುತಿಸುವುದು ಕಷ್ಟವಲ್ಲ. ಲುಂಗಿಯ ತುಂಬ ನುಚ್ಚಿನ ಧೂಳು. ಮೊಬೈಲಿನಲ್ಲಿ ಮೊಮ್ಮಗಳ ಫೋಟೊ ಒಂದಾದರೆ ಕೋಳಿಯ ಹಿಂಭಾಗದ ಫೋಟೊ ನಲವತ್ತು. ಮದುವೆಮನೆಯಲ್ಲಿ ಐದು ಗಂಟೆಯಾದರೆ ಚಡಪಡಿಕೆ: ‘ಗೂಡು ಮುಚ್ಚಬೇಕಲ್ಲ’. ಇವರನ್ನು ಏನು ಬೇಕಾದರೂ ಕೇಳಿ, ಒಂದು ಮೊಟ್ಟೆಗೆ ಎಷ್ಟು ಖರ್ಚು ಬಿತ್ತು ಎಂದು ಮಾತ್ರ ಕೇಳಬೇಡಿ. ನಾನು ಕೇಳಿದೆ. ಎರಡು ತಿಂಗಳು ನಮ್ಮ ಮನೆಗೆ ಮೊಟ್ಟೆ ಬರಲಿಲ್ಲ.

ಬರಬೇಕಾದದ್ದು ನನ್ನ ಷಡ್ಡಕರ ಮನೆಯಿಂದ. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ಈಗ ಮೈಸೂರಿನ ಹೊರಗೊಂದು ಬಡಾವಣೆಯಲ್ಲಿ ಆರು ಹೇಂಟೆಗಳ ಶಾಖೆ ನಡೆಸುತ್ತಿದ್ದಾರೆ. ನಾಲ್ಕು ಗಿರಿರಾಜ, ಎರಡು ನಾಟಿ. ಗಿರಿರಾಜ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಹುಟ್ಟಿದ ತಳಿ ಎಂದು ಅವರು ಹೇಳುವಾಗ, ತಾವೂ ಅದೇ ಬ್ಯಾಚಿನಲ್ಲಿ ಪಾಸಾದ ಧಾಟಿ ಇರುತ್ತದೆ.

ಒಂದು ಬೆಳಗ್ಗೆ ಆರಕ್ಕೆ ಫೋನು. “ಬೂದಿಯ ಹಿಂದೆ ಬೋಳಾಗಿದೆ, ತಕ್ಷಣ ಬನ್ನಿ.” ಯಾರೋ ಹೋಗಿಬಿಟ್ಟರು ಎಂದುಕೊಂಡು ಹೆಂಡತಿ ಅಳಲು ಸಿದ್ಧಳಾದಳು. ಬೂದಿ ಎಂದರೆ ಬೂದುಬಣ್ಣದ ನಾಟಿ ಹೇಂಟೆ ಎಂದು ತಿಳಿಸಿ ಹೊರಟೆ.

ಷಡ್ಡಕರು ಬೂದಿಯನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಬೆನ್ನು ಬೋಳಾದರೆ ಅದು ಹುಂಜ ಹತ್ತಿ ಹತ್ತಿ ಆದದ್ದು. ಇಲ್ಲಿ ಹುಂಜವೇ ಇಲ್ಲ, ಅಕ್ಕಪಕ್ಕದವರು ತಕರಾರು ತೆಗೆದು ಓಡಿಸಿದ್ದರು. ಎದೆ ಬೋಳಾದರೆ ಕಾವಿಗೆ ಕೂರಲು ತಾನೇ ಕಿತ್ತುಕೊಂಡದ್ದು. ಬೂದಿಗೆ ಬೋಳಾಗಿದ್ದದ್ದು ಬಾಲದ ಬುಡ. “ಇದು ಸಹೋದ್ಯೋಗಿಗಳ ಕೈವಾಡ” ಎಂದರು. ಆದರೂ ವಿಚಾರಣೆ ಪದ್ಧತಿಯಂತೆ ನಡೆಯಬೇಕಲ್ಲ. ಅಂದು ರಾತ್ರಿ ಹತ್ತಕ್ಕೆ ನಾನು ಟಾರ್ಚ್ ಹಿಡಿದೆ, ಅವರು ಒಂದೊಂದೇ ಕೋಳಿಯ ಬಾಲ ಎತ್ತಿ ಹೇನು, ಉಣ್ಣಿ ಹುಡುಕಿದರು. ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದ್ದೇನೆ, ಇಷ್ಟು ಹತ್ತಿರದಿಂದ ಯಾವ ಕಡತವನ್ನೂ ಪರಿಶೀಲಿಸಿದವನಲ್ಲ. ಹೇನಿರಲಿಲ್ಲ.

ಮರುದಿನ ಅಪರಾಧಿ ಸಿಕ್ಕಿತು. ಕೆಂಪು ಗಿರಿರಾಜ, ಎಲ್ಲರೂ ‘ಮೇಡಂ’ ಎನ್ನುವುದು. ಅದರ ಶೈಲಿಯೇ ಬೇರೆ. ಜಗಳವಿಲ್ಲ, ಗದ್ದಲವಿಲ್ಲ. ಏನೋ ಕೇಳಲು ಬಂದಂತೆ ಬೂದಿಯ ಪಕ್ಕ ಬರುವುದು, ಆಕಾಶ ನೋಡುವುದು, ಚಕ್ಕನೆ ಒಂದು ಗರಿ ಕಿತ್ತು ನುಂಗುವುದು, ಮತ್ತೆ ಆಕಾಶ ನೋಡುವುದು. ಕಿತ್ತ ಜಾಗದಲ್ಲಿ ಒಂದು ಹನಿ ರಕ್ತ ಕಂಡರೆ ಸಾಕು, ಅದುವರೆಗೆ ಸುಮ್ಮನಿದ್ದವೂ ಒಂದೊಂದಾಗಿ ಬಂದು ರುಚಿ ನೋಡುತ್ತಿದ್ದವು.

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಶ್ರೇಣಿಯನ್ನು ಗುರುತಿಸಿ 1921ರಲ್ಲಿ ನಾರ್ವೆಯ ಶೆಲ್ಡರುಪ್-ಎಬ್ಬೆ ಪ್ರಬಂಧ ಬರೆದನಂತೆ. ಆ ಹೆಸರನ್ನು ಷಡ್ಡಕರು ಪ್ರತಿ ಸಲವೂ ಹೊಸದಾಗಿ ಉಚ್ಚರಿಸುತ್ತಾರೆ. “ಪುಕ್ಕ ತಿನ್ನುವುದು ಅಧಿಕಾರದ ಮದ” ಎಂದು ಅವರ ತೀರ್ಪು. ನಾದಿನಿ ಒಳಗಿನಿಂದಲೇ ಹೇಳಿದಳು: “ಮದವಲ್ಲ, ಹಸಿವು. ವರ್ಷದಿಂದ ಮಿಕ್ಕ ಅನ್ನ, ತಂಗಳು ಮುದ್ದೆ ಹಾಕುತ್ತಿದ್ದೀರಿ. ಪುಕ್ಕ ಅಂದರೆ ಬರೀ ಪ್ರೋಟೀನು. ಹೊಟ್ಟೆಗೆ ಸಿಗದ್ದನ್ನು ಪಕ್ಕದವಳ ಬಾಲದಲ್ಲಿ ಹುಡುಕುತ್ತದೆ.” ತಲೆಗೆ ನಾಲ್ಕು ಚದರಡಿಯಾದರೂ ಬೇಕಾದ ಕಡೆ ನಾಲ್ಕಡಿಗೆ ನಾಲ್ಕಡಿ ಗೂಡಿನಲ್ಲಿ ಆರು ಕೋಳಿ. ಮೊಟ್ಟೆ ಹೆಚ್ಚಲಿ ಎಂದು ರಾತ್ರಿ ಹನ್ನೊಂದರವರೆಗೆ ಕಣ್ಣು ಕುಕ್ಕುವ ಬಲ್ಬು. ಅಂಥ ಬೆಳಕಿನಲ್ಲಿ ಕುಕ್ಕಾಟ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಅಂತೂ ತಪ್ಪೆಲ್ಲ ಆಡಳಿತದ್ದು. ವಿಚಾರಣೆಯಲ್ಲಿ ತಪ್ಪಿತಸ್ಥರಾದದ್ದು ಸಿಬ್ಬಂದಿ.

ಕೆಂಪು ಕಾಣದಿರಲೆಂದು ಬೂದಿಯ ಗಾಯಕ್ಕೆ ನೇರಳೆ ಔಷಧಿ ಬಳಿದರು. ಆ ವಾರ ನಮ್ಮ ಕಡೆಯ ನಿಶ್ಚಿತಾರ್ಥದಲ್ಲಿ ತಾಂಬೂಲ ಕೊಟ್ಟದ್ದು ನೇರಳೆ ಬೆರಳಿನಿಂದ. ಬೀಗರು ಯಾವ ಚುನಾವಣೆ ಎಂದು ಕೇಳಿದರು.

ಮೇಡಂಗೆ ಅಮಾನತು. ಗುಂಪಿನಿಂದ ಕೆಲವು ದಿನ ದೂರವಿಟ್ಟರೆ ವಾಪಸು ಬರುವ ಹೊತ್ತಿಗೆ ಸೀನಿಯಾರಿಟಿ ಹೋಗಿರುತ್ತದೆ. ಈ ತಂತ್ರ ಸರಿಯಾದದ್ದೇ. ಆದರೆ ಅಮಾನತಾದವರ ಕೇಂದ್ರಸ್ಥಾನ ನನ್ನ ಮನೆ ಎಂದು ಸ್ಕೂಟರಿನಲ್ಲಿ ಮಂಕರಿ ಬಂದಮೇಲೆ ಗೊತ್ತಾಯಿತು.

ಮೊದಲ ದಿನ ಮೇಡಂ ನನ್ನ ಪಾದದ ಮಚ್ಚೆಯನ್ನು ಕಾಳೆಂದು ತಿಳಿದು ಮೂರು ಸಲ ಕುಕ್ಕಿತು. ಎರಡನೆಯ ದಿನ ನಾನು ಪೇಪರ್ ಓದುತ್ತಿದ್ದಾಗ ನಡುಮನೆಗೆ ಬಂದು ಕತ್ತು ಓರೆ ಮಾಡಿ ಒಂದೇ ಕಣ್ಣಿನಲ್ಲಿ ನೋಡಿತು. ನಾನು ಎದ್ದು ನಿಂತೆ. ಹಳೆಯ ಅಭ್ಯಾಸ. ಮೂರನೆಯ ದಿನ ಹೆಂಡತಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಒಂದು ಕೋಸು ಕಟ್ಟಿದಳು. ಹಾರಿ ಹಾರಿ ಕುಕ್ಕುವುದರಲ್ಲೇ ದಿನ ಕಳೆಯಿತು, ನನ್ನ ಪಾದ ಉಳಿಯಿತು. ಐದನೆಯ ದಿನ ತುಳಸಿಕಟ್ಟೆಯ ಹಿಂದೆ ಒಂದು ಮೊಟ್ಟೆಯಿಟ್ಟು ಅವಳು ಬೀದಿಗೆಲ್ಲ ಸಾರಿದಳು. (ಅವಳು ಎಂದೆನೇ? ಇರಲಿ.)

ಹತ್ತನೆಯ ದಿನ ಕತ್ತಲಾದ ಮೇಲೆ ಒಯ್ದು ಸದ್ದಿಲ್ಲದೆ ಉಳಿದವುಗಳ ಪಕ್ಕ ಅಡ್ಡೆಯ ಮೇಲೆ ಕೂರಿಸಿದೆವು. ಅಷ್ಟರಲ್ಲಿ ಗೂಡಿನ ಮುಂದೆ ಜಾಲರಿಯ ಅಂಗಳ ಬೆಳೆದಿತ್ತು, ತಟ್ಟೆ ಎರಡಾಗಿತ್ತು, ಬಲ್ಬು ಇರಲಿಲ್ಲ, ಮೂಲೆಯಲ್ಲಿ ಮೊಟ್ಟೆಕೋಳಿ ಆಹಾರದ ಮೂಟೆ. ಯಾಕೆ ಎಂದರೆ ಷಡ್ಡಕರು “ಆಡಳಿತಾತ್ಮಕ ಕಾರಣ” ಎಂದರು.

ತಿಂಗಳು ಬಿಟ್ಟು ಒಂದು ಸಂಜೆ ಹೋದೆ. ಅವರು ಅಂಗಳದ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದರು. ಮೇಡಂ ನೀರಿನ ಬಾನಿಯ ಹಿಂದೆ ಒಂಟಿಯಾಗಿ ನಿಂತಿದ್ದಳು. ತಟ್ಟೆಯ ಹತ್ತಿರ ಬಂದರೆ ನಿನ್ನೆ ಮೊನ್ನೆಯ ಸಣ್ಣವೂ ಕುಕ್ಕಿ ಓಡಿಸುತ್ತಿದ್ದವು. ನಿವೃತ್ತಿಯಾದ ಹೊಸತರಲ್ಲಿ ಷಡ್ಡಕರು ಪಿಂಚಣಿಗೆಂದು ತಮ್ಮದೇ ಹಳೆಯ ಶಾಖೆಗೆ ಹೋಗಿದ್ದರಂತೆ. ಹೊಸ ಹುಡುಗನೊಬ್ಬ ತಲೆಯೆತ್ತದೆ “ಟೋಕನ್ ತಗೊಂಡು ಕೂತ್ಕೊಳ್ಳಿ” ಎಂದನಂತೆ. ನಲವತ್ತು ನಿಮಿಷ ಕೂತರು. ಇದನ್ನು ನನಗೆ ಹೇಳಿದ್ದು ಒಂದೇ ಸಲ. ಕೋಳಿಯ ವಿಷಯವನ್ನೋ, ಸಾವಿರ ಸಲ ಹೇಳಿದ್ದಾರೆ.

ಅವರು ಕಡಲೆಕಾಯಿ ಹಿಂಡಿಯ ಮೊದಲ ಹಿಡಿಯನ್ನು ಬಾನಿಯ ಹಿಂದಕ್ಕೆ, ಮೇಡಂ ಕಾಲಬುಡಕ್ಕೇ ಬೀಳುವಂತೆ ಎಸೆದರು. ಅವಳು ಕತ್ತು ಬಗ್ಗಿಸುವಷ್ಟರಲ್ಲಿ ಬೂದಿ ಓಡಿ ಬಂತು. ಬಾಲದ ಬುಡದಲ್ಲಿ ಹೊಸ ಗರಿ ಸೂಜಿಯ ಹಾಗೆ ಎದ್ದಿತ್ತು, ಸುತ್ತ ಇನ್ನೂ ಸ್ವಲ್ಪ ನೇರಳೆ. ಮೇಡಂ ನೆತ್ತಿಗೆ ಒಂದು ಬಿಟ್ಟು, ಹಿಂಡಿಯನ್ನೆಲ್ಲ ತಾನೇ ಆರಿಸಿ ನುಂಗಿ, ಆಕಾಶ ನೋಡಿತು.

“ಇವಳಿಗೂ ನೋಟಿಸ್ ಕೊಡಬೇಕಾಗುತ್ತೆ” ಎಂದು ಷಡ್ಡಕರು ನನ್ನ ಕಡೆ ತಿರುಗಿದರು. “ನಿಮ್ಮ ಮನೇಲಿ ಆ ಮಂಕರಿ ಇದೆ ತಾನೇ?”